ಬ್ಯಾನಿ ಹೋತು, ಪೆಟ್ಟು ಹೋತೇನು?



ನಮ್ಮ ಬಾಳು ನಡೆಯುವುದೇ ಕಾಲಿನ ಮೇಲೆ. ಇಂಡಿ ಕಡೆ ನಿಂಬೆ ತೋಟದ ಕೆಲಸ. ಸಿಂದಗಿ ಕಡೆ ಹತ್ತಿ ಬಿಡಿಸುವುದು. ಮುದ್ದೇಬಿಹಾಳ ಕಡೆ ಜೋಳ, ತೊಗರಿ. ಬಸವನ ಬಾಗೇವಾಡಿ ಕಡೆ ಉಳ್ಳಾಗಡ್ಡಿ. ಎಲ್ಲಿ ನೋಡಿದರೂ ನಿಲ್ಲಬೇಕು, ಬಗ್ಗಬೇಕು, ಕುಕ್ಕರಗಾಲಿನಲ್ಲಿ ಕೂಡಬೇಕು.

ಮಳೆ ಬಿದ್ದ ಎರೆ ಹೊಲದಲ್ಲಿ ಕಾಲು ಜಾರುತ್ತದೆ. ಟ್ರ್ಯಾಕ್ಟರಿನಿಂದ ಇಳಿಯುವಾಗ ಮೊಣಕಾಲು ಹೊರಳುತ್ತದೆ. ಬಾವು ಬರುತ್ತದೆ. ಎಣ್ಣೆ ತಿಕ್ಕುತ್ತೇವೆ. ಗುಳಿಗಿ ನುಂಗುತ್ತೇವೆ. ನಾಲ್ಕು ದಿನಕ್ಕೆ ಮತ್ತೆ ಕೂಲಿಗೆ ಹೋಗುತ್ತೇವೆ. ‘ಬ್ಯಾನಿ ಹೋತು, ಆರಾಮ ಆತು’ ಅಂತೇವಿ.

ಹತ್ತು ವರ್ಷ ಕಳೆಯುತ್ತದೆ. ಅದೇ ಮೊಣಕಾಲು ಮತ್ತೆ ನೋಯಲು ಶುರು ಆಗುತ್ತದೆ. ಆಗ ‘ವಯಸ್ಸಾತು ಬಿಡ’ ಅಂತೇವಿ. ಆದರೆ ಎಲ್ಲಾ ನೋವೂ ವಯಸ್ಸಿನದಲ್ಲ. ಹಳೆಯ ಪೆಟ್ಟು ಒಳಗೇ ಕೆಲಸ ಮಾಡಿರಬಹುದು. ಅದು ಹೇಗೆ? ಬನ್ನಿ, ತಿಳಿಯೋಣ.

ಕೀಲಿನ ಒಳಗೆ ಏನಿದೆ?

ನಿಮ್ಮ ಕಿವಿ ಹಿಡಿದು ಮಡಚಿ ನೋಡಿ. ಬಿಟ್ಟ ಕೂಡಲೇ ಮೊದಲಿನಂತೆ ಆಗುತ್ತದೆ. ಅದು ಗಟ್ಟಿ ಎಲುಬಲ್ಲ. ಬರೀ ಮಾಂಸವೂ ಅಲ್ಲ. ಅದು ಮೆತ್ತೆಲುಬು. ಪುಸ್ತಕದಲ್ಲಿ ಇದಕ್ಕೆ ‘ಮೃದ್ವಸ್ಥಿ’ ಎನ್ನುತ್ತಾರೆ. ಆ ಪದ ಓದಲು ಕಷ್ಟ. ನಾವು ಮೆತ್ತೆಲುಬು ಎಂದೇ ಕರೆಯೋಣ.

ಮೊಣಕಾಲಿನಲ್ಲೂ ಮೆತ್ತೆಲುಬು ಇದೆ. ಅಲ್ಲಿ ಎರಡು ದೊಡ್ಡ ಎಲುಬು ಕೂಡುತ್ತವೆ. ಎರಡರ ತುದಿಗೂ ಮೆತ್ತೆಲುಬಿನ ಹೊದಿಕೆ ಇದೆ. ಅದರ ದಪ್ಪ ಕೆಲವೇ ಮಿಲಿಮೀಟರ್. ಅದು ಬಹಳ ನುಣುಪು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇದೆ. ಸಣ್ಣ ಎಳೆಗಳ ಬಲೆ ಆ ನೀರನ್ನು ಹಿಡಿದಿಡುತ್ತದೆ. ನಾವು ಹೆಜ್ಜೆ ಇಟ್ಟಾಗ ಮೆತ್ತೆಲುಬು ಸ್ವಲ್ಪ ತಗ್ಗುತ್ತದೆ. ಹೆಜ್ಜೆ ಎತ್ತಿದಾಗ ಮತ್ತೆ ಉಬ್ಬುತ್ತದೆ. ಹೀಗೆ ಅದು ಭಾರ ತಾಳುತ್ತದೆ.

ನೋವಿಲ್ಲದೆ ಕೆಡುತ್ತದೆ

ಈಗ ಮುಖ್ಯ ಮಾತು ಕೇಳಿ. ಈ ಮೆತ್ತೆಲುಬಿಗೆ ನೋವು ತಿಳಿಸುವ ನರ ಇಲ್ಲ. ರಕ್ತನಾಳವೂ ಇಲ್ಲ. ನರ ಇಲ್ಲದ್ದರಿಂದ ಅದು ಕೆಟ್ಟರೆ ನಮಗೆ ಗೊತ್ತಾಗುವುದಿಲ್ಲ. ರಕ್ತ ಇಲ್ಲದ್ದರಿಂದ ಅದು ಚರ್ಮದ ಗಾಯದಂತೆ ಮಾಯುವುದಿಲ್ಲ.

ಜೋರಾಗಿ ಪೆಟ್ಟು ಬಿದ್ದಾಗ ಒಳಗಿನ ಬಲೆ ಸಡಿಲ ಆಗುತ್ತದೆ. ನೀರು ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಬಿಗಿಯಾಗಿದ್ದ ಮೆತ್ತೆಲುಬು ಮೆದು ಆಗುತ್ತದೆ. ಮೆದು ಆದದ್ದು ಬೇಗ ಸವೆಯುತ್ತದೆ. ಕೊನೆಗೆ ಎಲುಬಿಗೆ ಎಲುಬು ತಿಕ್ಕುತ್ತದೆ. ಇದೇ ಕೀಲು ಸವೆತದ ರೋಗ. ಡಾಕ್ಟರರು ಇದಕ್ಕೆ ‘ಆಸ್ಟಿಯೋ ಆರ್ಥ್ರೈಟಿಸ್’ ಅಂತಾರ.

ಮೊಣಕಾಲಿನ ಎಲುಬುಗಳನ್ನು ಬಿಗಿದು ಹಿಡಿಯುವ ಪಟ್ಟಿಗಳಿವೆ. ಅವಕ್ಕೆ ‘ಲಿಗಮೆಂಟ್’ ಅಂತಾರ. ನಡುವೆ ಸಣ್ಣ ಗಾದಿಯಂತಹ ತುಂಡುಗಳೂ ಇವೆ. ಮುಖ್ಯ ಪಟ್ಟಿ ಅಥವಾ ಗಾದಿ ಹರಿದವರಲ್ಲಿ ಸುಮಾರು ಅರ್ಧ ಮಂದಿಗೆ 10ರಿಂದ 20 ವರ್ಷಗಳಲ್ಲಿ ಕೀಲು ಸವೆತ ಬರುತ್ತದೆ. 25ನೇ ವಯಸ್ಸಿಗೆ ಬಿದ್ದವಳಿಗೆ 40ಕ್ಕೇ ಈ ರೋಗ ಬರಬಹುದು. ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಮನೆ ನಡೆಯುವುದು ಅವಳ ದುಡಿಮೆಯಿಂದ.

ಎಕ್ಸ್-ರೇದಾಗ ಕಾಣೂದಿಲ್ಲೇನು?

ಎಕ್ಸ್-ರೇ ಗಟ್ಟಿ ಎಲುಬನ್ನು ತೋರಿಸುತ್ತದೆ. ಮೆತ್ತೆಲುಬನ್ನು ತೋರಿಸುವುದಿಲ್ಲ. ಎರಡು ಎಲುಬಿನ ನಡುವಿನ ಸಂದು ಕಿರಿದಾದಾಗ ಮಾತ್ರ ‘ಸವೆದಿದೆ’ ಎಂದು ತಿಳಿಯುತ್ತದೆ. ಅಷ್ಟರಲ್ಲಿ ಬಹಳ ಕೆಟ್ಟಿರುತ್ತದೆ. ‘ಎಕ್ಸ್-ರೇ ಛಲೋ ಬಂತು’ ಎಂದರೆ ಎಲುಬು ಮುರಿದಿಲ್ಲ ಎಂದು ಅರ್ಥ. ಮೆತ್ತೆಲುಬಿಗೆ ಏನೂ ಆಗಿಲ್ಲ ಎಂದು ಅರ್ಥ ಅಲ್ಲ.

ಒತ್ತಿ ನೋಡುವ ಅಳತೆ

ಉಳ್ಳಾಗಡ್ಡಿ ಆರಿಸುವಾಗ ನಾವು ಏನು ಮಾಡುತ್ತೇವೆ? ಮೇಲಿನ ಸಿಪ್ಪೆ ಎಲ್ಲವೂ ಒಂದೇ ತರಹ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತುತ್ತೇವೆ. ಗಟ್ಟಿ ಇದ್ದರೆ ಚೀಲಕ್ಕೆ. ಬೆರಳು ತಗ್ಗಿದರೆ ಒಳಗೆ ಕೊಳೆತಿದೆ ಎಂದು ತಿಳಿಯುತ್ತೇವೆ.

ವಿಜ್ಞಾನಿಗಳೂ ಇದನ್ನೇ ಮಾಡಿದರು. ಬೆರಳಿನ ಬದಲು ಸಣ್ಣ ಮೊನೆ ಬಳಸಿದರು. ಎಷ್ಟು ಬಲದಿಂದ ಒತ್ತಿದರೆ ಎಷ್ಟು ತಗ್ಗುತ್ತದೆ ಎಂದು ಅಳೆದರು. ಕಡಿಮೆ ತಗ್ಗಿದರೆ ಮೆತ್ತೆಲುಬು ಬಿಗಿ ಇದೆ. ಹೆಚ್ಚು ತಗ್ಗಿದರೆ ಮೆದು ಆಗಿದೆ.

1995ರಲ್ಲಿ ಫಿನ್ಲೆಂಡ್ ದೇಶದವರು ಇಂಥ ಒಂದು ಸಲಕರಣೆಯನ್ನು ತಿಳಿಸಿದರು. ಮೊಣಕಾಲಿಗೆ ಸಣ್ಣ ತೂತು ಮಾಡಿ, ದುರ್ಬೀನು ಹಾಕಿ ನೋಡುವಾಗಲೇ ಅದರಿಂದ ಒತ್ತಿ ಅಳೆಯಬಹುದು.

2009ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದವರು ಇನ್ನೂ ಸಣ್ಣ ಮೊನೆ ಬಳಸಿದರು. ಅದು ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಕಣ್ಣಿಗೆ ಕಾಣದ ಬದಲಾವಣೆಯೂ ಅದಕ್ಕೆ ಸಿಕ್ಕಿತು.

2017ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದವರು ಮೊಣಕಾಲಿಗೆ ಗಾಯ ಆದ ಇಲಿಗಳನ್ನು ನೋಡಿದರು. ಗಾಯ ಆದ ಒಂದೇ ವಾರಕ್ಕೆ ಮೆತ್ತೆಲುಬು ಮೆದು ಆಗಿತ್ತು. ಸವೆತ ಕಣ್ಣಿಗೆ ಕಂಡದ್ದು ಎಷ್ಟೋ ವಾರಗಳ ನಂತರ!

ಈ ಒತ್ತುವ ಅಳತೆ ನಮ್ಮ ಆಸ್ಪತ್ರೆಗಳಲ್ಲಿ ದಿನಾ ಮಾಡುವ ತಪಾಸಣೆ ಇನ್ನೂ ಆಗಿಲ್ಲ. ಕೊಯ್ಯದೆ, ಚುಚ್ಚದೆ ತಿಳಿಯಲು ಎಂ.ಆರ್.ಐ. ಯಂತ್ರ ಇದೆ. ಅದರಲ್ಲಿ ಮೆತ್ತೆಲುಬು, ಪಟ್ಟಿ, ಗಾದಿ ಎಲ್ಲಾ ಕಾಣುತ್ತವೆ.

ಬೇಗ ತಿಳಿದರೆ ಏನು ಲಾಭ?

ಪೂರಾ ಸವೆದದ್ದು ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಬೇಗ ತಿಳಿದರೆ ಇರುವುದನ್ನು ಕಾಯಬಹುದು. ಔಷಧಿಯ ಹುಡುಕಾಟವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬಹಳ ಸಣ್ಣ ಕಣಗಳಲ್ಲಿ ಔಷಧಿ ತುಂಬಿ ಇಲಿಗಳ ಕೀಲಿಗೆ ಕೊಟ್ಟು ನೋಡಿದ್ದಾರೆ. ಔಷಧಿ ಕೀಲಿನಲ್ಲಿ ಬಹಳ ದಿನ ಉಳಿಯಲಿ ಎಂಬುದು ಅದರ ಉದ್ದೇಶ. ಔಷಧಿಗೆ ಕಾಯದೆ ನಾವು ಮಾಡುವ ಕೆಲಸವೂ ಇದೆ.

ಪೆಟ್ಟು ಬಿದ್ದರೆ ಏನು ಮಾಡಬೇಕು?

ಮೊದಲ ಎರಡು ಮೂರು ದಿನ ಕಾಲಿಗೆ ವಿಶ್ರಾಂತಿ ಕೊಡಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ತಣ್ಣೀರಿನ ಬಟ್ಟೆ ಹಾಕಿ. ಜೋರಾಗಿ ತಿಕ್ಕಬೇಡಿ. ಯಾರಿಂದಲೂ ಎಳೆಸಿಕೊಳ್ಳಬೇಡಿ.

ಕೆಳಗಿನ ಯಾವುದಾದರೂ ಒಂದು ಇದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

1. ಬಿದ್ದಾಗ ಒಳಗೆ ‘ಟಕ್’ ಎಂದಿತು.
2. ಕೆಲವೇ ತಾಸಿನಲ್ಲಿ ದೊಡ್ಡ ಬಾವು ಬಂತು.
3. ನಾಲ್ಕು ಹೆಜ್ಜೆ ಇಡಲು ಆಗುವುದಿಲ್ಲ.
4. ನಡೆಯುವಾಗ ಮೊಣಕಾಲು ಕುಸಿಯುತ್ತದೆ.
5. ಮಡಚಿದ ಕಾಲು ಸಿಕ್ಕಿಕೊಂಡು ನೆಟ್ಟಗಾಗುವುದಿಲ್ಲ.

ಬಾವಿನ ಜೊತೆ ಜ್ವರ ಬಂದರೆ ಅಂದೇ ಹೋಗಿ. ಮೊದಲು ತಾಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೇಕಾದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ‘ಪಟ್ಟಿ ಹರಿದದ ಏನ್ರಿ? ಗಾದಿ ಹರಿದದ ಏನ್ರಿ?’ ಎಂದು ಕೇಳಿ. ಕೇಳುವುದು ನಮ್ಮ ಹಕ್ಕು.

ನೋವಿನ ಗುಳಿಗಿ ನೋವನ್ನು ಮರೆಸುತ್ತದೆ. ಹರಿದದ್ದನ್ನು ಕೂಡಿಸುವುದಿಲ್ಲ. ಯಾವ ಔಷಧಿ ಎಂದು ತಿಳಿಯದೆ ಕೀಲಿಗೆ ಸೂಜಿ ಹಾಕಿಸಿಕೊಳ್ಳಬೇಡಿ.

ಬಾವು ಇಳಿದ ಮೇಲೆ ಹಾಸಿಗೆ ಹಿಡಿದು ಕೂಡಬೇಡಿ. ಕೀಲು ಆಡಿದರೆ ಮೆತ್ತೆಲುಬಿಗೆ ಆಹಾರ ಸಿಗುತ್ತದೆ. ಡಾಕ್ಟರನ್ನು ಕೇಳಿ ಈ ವ್ಯಾಯಾಮ ಮಾಡಿ. ಕಾಲು ನೀಡಿ ಕೂಡಿ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಡಿ. ಅದನ್ನು ಕೆಳಗೆ ಒತ್ತಿ. ಐದರವರೆಗೆ ಎಣಿಸಿ. ಬಿಡಿ. ಹೀಗೆ ಹತ್ತು ಸಲ ಮಾಡಿ. ತೊಡೆಯ ಸ್ನಾಯು ಗಟ್ಟಿ ಆದರೆ ಕೀಲಿಗೆ ಬಲ ಬರುತ್ತದೆ.

ಮೈ ದಪ್ಪ ಇದ್ದವರು ತೂಕ ಇಳಿಸಿ. 1 ಕಿಲೋ ತೂಕ ಇಳಿದರೆ, ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಬರೆದಿಡಿ

ಈಗ ನಿಮಗೆ ಬರೆಯಲು ಬರುತ್ತದೆ. ಒಂದು ಚೀಟಿ ತೆಗೆದುಕೊಳ್ಳಿ. ಬಿದ್ದ ತಾರೀಖು ಬರೆಯಿರಿ. ಎಡಗಾಲೋ ಬಲಗಾಲೋ ಬರೆಯಿರಿ. ಡಾಕ್ಟರು ಏನು ಹೇಳಿದರು ಎಂದೂ ಬರೆಯಿರಿ. ಎಕ್ಸ್-ರೇ ಲಕೋಟೆಯಲ್ಲಿ ಹಾಕಿ ಜೋಪಾನ ಇಡಿ. ಮುಂದೆ ಎಂದಾದರೂ ಕಾಲು ನೋಯಬಹುದು. ಆಗ ‘ವಯಸ್ಸಾತು’ ಎನ್ನಬೇಡಿ. ಚೀಟಿ ತೋರಿಸಿ. ಹಳೆಯ ಪೆಟ್ಟು ಡಾಕ್ಟರಿಗೆ ಗೊತ್ತಾಗಲಿ.

ಉತ್ತರ ಹೇಳಿ

1. ಮೆತ್ತೆಲುಬು ಕೆಟ್ಟರೂ ನೋವು ಏಕೆ ಆಗುವುದಿಲ್ಲ?
2. ಎಕ್ಸ್-ರೇದಲ್ಲಿ ಏನು ಕಾಣುತ್ತದೆ? ಏನು ಕಾಣುವುದಿಲ್ಲ?
3. ನಿಮ್ಮ ಓಣಿಯಲ್ಲಿ ಮೊಣಕಾಲು ನೋವು ಇದ್ದವರನ್ನು ಕೇಳಿ: ‘ಮೊದಲು ಎಂದಾದರೂ ಬಿದ್ದಿದ್ದಿರೇನು?’ ಅವರು ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ.