ಕ್ಯಾಬಿನೆಟ್ಟಿನೊಳಗೆ ಬೆಳಕಿನ ದಾರಿ

ಡೇಟಾ ಸೆಂಟರಿನ ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ 19 ಇಂಚು ಅಗಲದ ಉಪಕರಣಗಳನ್ನು ಒಂದರ ಮೇಲೊಂದು ಕೂರಿಸಲು 42 ಯೂನಿಟ್ ಎತ್ತರವಿರುತ್ತದೆ. ಒಂದು ಯೂನಿಟ್ ಎಂದರೆ 44.45 ಮಿಲಿಮೀಟರ್. ಇಷ್ಟು ಇಕ್ಕಟ್ಟಿನಲ್ಲಿ ನೂರಾರು ಫೈಬರ್ ಕೇಬಲ್‌ಗಳು ಹಾಯಬೇಕಾಗಬಹುದು. ಆದ್ದರಿಂದ ಅವುಗಳ ದಾರಿಯನ್ನು ಉಪಕರಣ ಕೂರಿಸುವ ಮೊದಲೇ ನಕ್ಷೆಯಲ್ಲಿ ಗುರುತಿಸಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಕೇಬಲ್ ಬಾಗುವ ಕಡೆ. ಸಿಂಗಲ್ ಮೋಡ್ ಫೈಬರಿನಲ್ಲಿ ಬೆಳಕು ಸಾಗುವ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕೇಬಲ್ ತೀರಾ ಬಿಗಿಯಾಗಿ ಬಾಗಿದರೆ ಬೆಳಕು ತಿರುಳಿನಿಂದ ಹೊರಕ್ಕೆ ಸೋರುತ್ತದೆ. ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತದೆ, ಸಂಕೇತ ಮಾತ್ರ ಕುಂದಿರುತ್ತದೆ. ಪತ್ತೆಹಚ್ಚಲು ಬಹಳ ಕಾಡುವ ದೋಷವಿದು. ಅಳವಡಿಸಿದ ಮೇಲೆ ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ 10 ಪಟ್ಟು, ಎಳೆಯುವಾಗ 20 ಪಟ್ಟು ಇರಬೇಕೆಂಬುದು ರೂಢಿಯ ಲೆಕ್ಕ. ಪ್ಲಾಸ್ಟಿಕ್ ಟೈ ಬಿಗಿದರೂ ಇಂಥದೇ ನಷ್ಟ. ಅದಕ್ಕೆ ವೆಲ್ಕ್ರೋ ಪಟ್ಟಿಯೇ ಒಳ್ಳೆಯದು.

ವಿದ್ಯುತ್ಕಾಂತೀಯ ಅಡಚಣೆ ಫೈಬರನ್ನು ತಟ್ಟುವುದಿಲ್ಲ. ಆದರೂ ವಿದ್ಯುತ್ ಮತ್ತು ತಾಮ್ರದ ಕೇಬಲ್‌ಗಳ ಭಾರ ಅದರ ಮೇಲೆ ಬೀಳದಂತೆ ಬೇರೆ ಹಾದಿಯಲ್ಲಿ ಒಯ್ಯಬೇಕು. ಮಿಕ್ಕ ಉದ್ದವನ್ನು ತಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಬೇಕು. ಸರ್ವರ್‌ಗಳ ಹಿಂದೆ ತುರುಕಿದರೆ ಬಿಸಿಗಾಳಿ ಹೊರಹೋಗುವುದಕ್ಕೆ ಅಡ್ಡಿಯಾಗುತ್ತದೆ.

ಸಿಂಗಲ್ ಮೋಡ್‌ಗೆ ಹಳದಿ, ಓಎಂ3 ಮಲ್ಟಿಮೋಡ್‌ಗೆ ತಿಳಿನೀಲಿ-ಹಸಿರು ಹೊದಿಕೆ ರೂಢಿಯಲ್ಲಿದೆ. ಬಣ್ಣವೊಂದೇ ಸಾಲದು, ಎರಡೂ ತುದಿಗಳಿಗೆ ಒಂದೇ ಗುರುತಿನ ಲೇಬಲ್ ಅಂಟಿಸಿ ದಾಖಲೆಯಲ್ಲಿ ಬರೆದಿಡಬೇಕು. ಬಳಸದ ತುದಿಗಳಿಗೆ ಧೂಳುಮುಚ್ಚಳ ಇರಲೇಬೇಕು. ಜೋಡಿಸುವ ಮುನ್ನ ಪ್ರತಿ ತುದಿಯನ್ನೂ ಪರೀಕ್ಷಿಸಿ ಶುಚಿಗೊಳಿಸಬೇಕು.