ರೂಟರಿಗೆ ಪಿನ್ ಚುಚ್ಚಬೇಡಿ

ವಿಜಯನಗರದಲ್ಲಿ ಪರಿಚಯದವರ ಮನೆ. ಕೆಳಗೆ ಅಪ್ಪ-ಅಮ್ಮ, ಮಹಡಿಯಲ್ಲಿ ಮಗನ ಸಂಸಾರ, ಎಲ್ಲರಿಗೂ ಒಂದೇ ವೈಫೈ. ಮೊಬೈಲುಗಳಿಗೆ, ಟಿವಿಗೆ ನೆಟ್ ಬರುತ್ತಿತ್ತು, ಹಳೆಯ ಡೆಸ್ಕ್‌ಟಾಪಿಗೆ ಮಾತ್ರ ಇಲ್ಲ. ‘ರೂಟರ್ ಕೆಟ್ಟಿದೆ, ರೀಸೆಟ್ ಮಾಡಿದ್ರೆ ಸರಿಹೋಗತ್ತೆ’ ಎಂದು ಅದರ ಹಿಂದಿನ ತೂತಿಗೆ ಪಿನ್ ಚುಚ್ಚಿ ಹಿಡಿದರು. ಇಡೀ ಮನೆಗೆ ನೆಟ್ ಹೋಯಿತು.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಈ ಪಿನ್ನಿನ ವೈದ್ಯ ನಡೆದೇ ಇದೆ. ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುತ್ತಿದ್ದು ಬಚ್ಚಲಿನದರಲ್ಲಿ ಬಾರದಿದ್ದರೆ ಯಾರೂ ಟ್ಯಾಂಕ್ ಒಡೆಯುವುದಿಲ್ಲ. ನೆಟ್ ವಿಷಯಕ್ಕೆ ಬಂದರೆ ಅಷ್ಟು ಯೋಚನೆಯೂ ಏಕೆ ಇಲ್ಲ? ಆಫ್ ಮಾಡಿ ಆನ್ ಮಾಡುವುದೇ ಬೇರೆ, ರೀಸೆಟ್ಟೇ ಬೇರೆ. ನೆಟ್ ಹಾಕಿದ ಹುಡುಗ ರೂಟರಿನಲ್ಲಿ ತುಂಬಿಸಿಹೋದ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲವನ್ನೂ ರೀಸೆಟ್ ಅಳಿಸಿಹಾಕುತ್ತದೆ. ಆಮೇಲೆ ಅವನೇ ಬರಬೇಕು.

ಆ ಮನೆಯಲ್ಲಿ ಕೆಟ್ಟಿದ್ದದ್ದು ಗುಂಡಿ ಬ್ಯಾಟರಿ. ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಕೂತಿರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದು ಸತ್ತರೆ, ಪ್ಲಗ್ ತೆಗೆದಾಗಲೆಲ್ಲ ಕಂಪ್ಯೂಟರಿನ ತಾರೀಕು ಹತ್ತಾರು ವರ್ಷ ಹಿಂದಕ್ಕೆ ಜಾರುತ್ತದೆ. ಬ್ಯಾಂಕಿರಲಿ, ಇಮೇಲಿರಲಿ, ಇಂದಿನ ಬಹುತೇಕ ಜಾಲತಾಣಗಳು ‘ಇಂಥ ದಿನದಿಂದ ಇಂಥ ದಿನದವರೆಗೆ ಸಲ್ಲುತ್ತದೆ’ ಎಂಬ ಪ್ರಮಾಣಪತ್ರ ತೋರಿಸಿಯೇ ಒಳಗೆ ಬಿಡುತ್ತವೆ. ಇನ್ನೂ 2010ರಲ್ಲೇ ಇದ್ದೇನೆಂದುಕೊಂಡಿರುವ ಕಂಪ್ಯೂಟರಿಗೆ ಆ ಪತ್ರದ ಅವಧಿ ಶುರುವೇ ಆಗಿರುವುದಿಲ್ಲ. ಹಾಗಾಗಿ ಪುಟ ತೆರೆಯಲು ಬ್ರೌಸರ್ ಒಪ್ಪುವುದಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಎಂದು ಕ್ರೋಮ್ ಪರದೆಯ ಮೇಲೆ ಸ್ಪಷ್ಟವಾಗಿ ಬರೆದು ತೋರಿಸುತ್ತದೆ. ಅದನ್ನು ಓದುವ ತಾಳ್ಮೆ ಯಾರಿಗೂ ಇಲ್ಲ, ಪಿನ್ ಹುಡುಕುವ ಉತ್ಸಾಹ ಎಲ್ಲರಿಗೂ ಇದೆ. ಹುಡುಗ ಬಂದು ರೂಟರನ್ನು ಮತ್ತೆ ಹೊಂದಿಸಿದ ಮೇಲೆ, ವಾಚ್ ರಿಪೇರಿ ಅಂಗಡಿಯಿಂದ ಬಿಲ್ಲೆ ತಂದು ಹಾಕಿ, ತಾರೀಕು ಸರಿಮಾಡಿದೆವು. ನೆಟ್ ಬಂತು.

ತಾರೀಕು ಸರಿಯಿದ್ದೂ ನೆಟ್ ಬಾರದಿದ್ದರೆ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ, ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೇಬಲ್ ಅಥವಾ ವೈಫೈ ಸಂಪರ್ಕ ಸರಿಯಾಗಿ ಕೂಡಿಲ್ಲದಿರಬಹುದು. ಆಫೀಸಿನ ಲ್ಯಾಪ್‌ಟಾಪಾದರೆ ಅಲ್ಲಿಯ ಪ್ರಾಕ್ಸಿಯೋ ಕೈಯಾರೆ ಹಾಕಿದ ಐಪಿಯೋ ಉಳಿದಿರಬಹುದು. ‘ದೊಡ್ಡ ಪ್ಲಾನ್ ಹಾಕಿಸಿದರೆ ಬರುತ್ತದೆ’ ಎಂಬುದು ಶುದ್ಧ ಸುಳ್ಳು. ‘5 ಗಿಗಾಹರ್ಟ್ಸ್ ವೈಫೈ ಗೋಡೆಯಾಚೆಗೂ ಚೆನ್ನಾಗಿ ಸಿಗುತ್ತದೆ’ ಎಂಬುದೂ ಸುಳ್ಳು, ಗೋಡೆ ದಾಟುವುದರಲ್ಲಿ 2.4 ಮೇಲು. ಹಳೆಯ ಎಷ್ಟೋ ಲ್ಯಾಪ್‌ಟಾಪುಗಳ ಕಣ್ಣಿಗಂತೂ ಆ 5 ಬೀಳುವುದೇ ಇಲ್ಲ.

ನನಗೆ ನೋವಾಗುವುದು ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿಲ್ಲದವರು ಹೇಳಿದ್ದನ್ನು ಪರೀಕ್ಷಿಸದೆ ನಂಬುವುದಕ್ಕೆ. ಪಕ್ಕದ ಮನೆಯವರು ಹೇಳಿದರು, ವಾಟ್ಸಾಪಿನಲ್ಲಿ ಬಂತು ಎಂದರೆ ಸಾಕು, ಮಾತ್ರೆಯನ್ನೂ ನುಂಗುತ್ತೇವೆ, ರೂಟರನ್ನೂ ಚುಚ್ಚುತ್ತೇವೆ. ಅದೇ ವೈಫೈಯಲ್ಲಿ ಮೊಬೈಲಿನ ಡೇಟಾ ಆಫ್ ಮಾಡಿ ಒಂದು ಪುಟ ತೆರೆದು ನೋಡಲು ಅರ್ಧ ನಿಮಿಷ ಸಾಕು. ತೆರೆದರೆ ರೂಟರ್ ಮುಟ್ಟಬೇಡಿ. ನೆಟ್ ಬಾರದ ಕಂಪ್ಯೂಟರಿನ ಮುಂದೆ ಕೂತು, ಮೊದಲು ಪರದೆಯ ಬಲ ಮೂಲೆಯ ತಾರೀಕು ನೋಡಿ.