ಎತ್ತರದಲ್ಲಿ ಸ್ಟಾಲ್: ಏರ್ ಫ್ರಾನ್ಸ್ 447 ಕಲಿಸಿದ ಪಾಠ

ಎಂಜಿನ್ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಅದನ್ನು ಮೇಲೆ ಎತ್ತಿ ಹಿಡಿಯುವುದು ರೆಕ್ಕೆಯನ್ನು ಸವರಿ ಹರಿಯುವ ಗಾಳಿ. ಎದುರುಗಾಳಿಗೆ ರೆಕ್ಕೆ ಓರೆಯಾಗಿ ಒಡ್ಡಿಕೊಂಡಿರುವ ಕೋನ ಹೆಚ್ಚಿದಂತೆ ಎತ್ತುವ ಬಲವೂ ಹೆಚ್ಚುತ್ತದೆಯಾದರೂ, ಆ ಕೋನ ಒಂದು ಮಿತಿಯನ್ನು ದಾಟಿದೊಡನೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಂಡು ಸುಳಿಗಳಾಗಿ ಒಡೆಯುತ್ತದೆ ಮತ್ತು ಎತ್ತುವ ಬಲ ಕುಸಿಯುತ್ತದೆ. ಸ್ಟಾಲ್ ಎನ್ನುವುದು ಈ ಸ್ಥಿತಿಯನ್ನೇ. ಎಂಜಿನ್‌ಗಳು ಪೂರ್ಣ ಬಲದಿಂದ ಓಡುತ್ತಿರುವಾಗಲೂ ಇದು ಸಂಭವಿಸಬಹುದು.

ಪ್ರಯಾಣಿಕ ಜೆಟ್‌ಗಳು ಸಂಚರಿಸುವ 35,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಹರಪನಹಳ್ಳಿ, ಕೊಟ್ಟೂರುಗಳ ಬಯಲಿನಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಅಷ್ಟು ತೆಳುವಾದ ಗಾಳಿಯಲ್ಲಿ ಅದೇ ಭಾರವನ್ನು ಹೊರಬೇಕಾದರೆ ವಿಮಾನ ಬಹಳ ವೇಗವಾಗಿ ಹಾರಬೇಕಾಗುತ್ತದೆ. ವೇಗವು ಶಬ್ದದ ವೇಗವನ್ನು ಸಮೀಪಿಸಿದಾಗ ರೆಕ್ಕೆಯ ಮೇಲೆ ಆಘಾತ ತರಂಗಗಳು ಹುಟ್ಟಿ, ನೆಲದ ಸಮೀಪದಲ್ಲಿ ನಿಧಾನವಾಗಿ ಹಾರುವಾಗಿನದಕ್ಕಿಂತ ಕಡಿಮೆ ಕೋನದಲ್ಲಿಯೇ ಹರಿವು ಕಳಚತೊಡಗುತ್ತದೆ. ಆದ್ದರಿಂದ ಮೇಲೇರಿದಷ್ಟೂ ಸ್ಟಾಲ್‌ನಿಂದ ದೂರವಿರುವ ಅವಕಾಶ ಕಿರಿದಾಗುತ್ತದೆ.

2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು, ಅದರಲ್ಲಿದ್ದ 228 ಮಂದಿಯೂ ಮೃತರಾದರು. ಎದುರುಗಾಳಿಯ ಒತ್ತಡದಿಂದ ವೇಗವನ್ನು ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆಯ ಹರಳುಗಳು ಕಟ್ಟಿಕೊಂಡು ವೇಗದ ಮಾಹಿತಿ ತಪ್ಪಿದಾಗ ಆಟೋಪೈಲಟ್ ಕಳಚಿಕೊಂಡಿತು. ಸ್ಟಾಲ್ ಆಗದಂತೆ ತಡೆಯುವ ಕಂಪ್ಯೂಟರ್ ರಕ್ಷಣೆಯೂ ಇಲ್ಲವಾಯಿತು. ಪೈಲಟ್ ಮೂತಿಯನ್ನು ಮೇಲಕ್ಕೆತ್ತಿದ್ದರಿಂದ ವಿಮಾನ ಸುಮಾರು 38,000 ಅಡಿಗೆ ಏರಿ ವೇಗ ಕಳೆದುಕೊಂಡು ಸ್ಟಾಲ್‌ಗೆ ಸಿಲುಕಿತು. ಕೊಳವೆಗಳು ಒಂದು ನಿಮಿಷದೊಳಗೆ ಸರಿಹೋದರೂ ರೆಕ್ಕೆಯ ಕೋನ ಹೆಚ್ಚುತ್ತಲೇ ಹೋಗಿ ಮುಂದೆ 40 ಡಿಗ್ರಿಯನ್ನು ಮೀರಿತು. ಅಳೆದ ವೇಗ 60 ನಾಟ್‌ಗಿಂತ ಕಡಿಮೆಯಾದರೆ ಕೋನದ ಮಾಹಿತಿಯನ್ನು ಅಮಾನ್ಯವೆಂದು ಎಣಿಸಿ ಸ್ಟಾಲ್ ಎಚ್ಚರಿಕೆಯ ಸದ್ದು ನಿಲ್ಲುವಂತಿದ್ದುದರಿಂದ, ಮೂತಿಯನ್ನು ತಗ್ಗಿಸಿ ಸರಿಯಾದುದನ್ನು ಮಾಡಿದಾಗಲೇ ಅದು ಮತ್ತೆ ಮೊಳಗಿತು. ಆಟೋಪೈಲಟ್ ಕಳಚಿದ 4 ನಿಮಿಷ 23 ಸೆಕೆಂಡುಗಳಲ್ಲಿ ಎಲ್ಲವೂ ಮುಗಿದಿತ್ತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದುದು ಬೆಂಗಳೂರಿನ ದುರಂತ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ನಿಲ್ದಾಣದ ರನ್‌ವೇ ತಲಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ, 146 ಮಂದಿಯಲ್ಲಿ 92 ಮಂದಿ ಮೃತರಾದರು. ಎಂಜಿನ್‌ಗಳು ಕನಿಷ್ಠ ಬಲದಲ್ಲಿದ್ದಂತೆಯೇ ಇಳಿಯುತ್ತಿದ್ದ ಆ ಎ320 ವಿಮಾನದ ವೇಗ 132 ನಾಟ್‌ನಿಂದ 106ಕ್ಕೆ ತಗ್ಗಿತ್ತು. ಅಲ್ಲಿ ಕಂಪ್ಯೂಟರ್ ಸ್ಟಾಲ್ ಆಗಗೊಡಲಿಲ್ಲವಾದರೂ, ಎಂಜಿನ್‌ಗಳು ಬಲ ಕೂಡಿಸಿಕೊಳ್ಳುವಷ್ಟು ಎತ್ತರ ಉಳಿದಿರಲಿಲ್ಲ.

ಅಟ್ಲಾಂಟಿಕ್ ಮೇಲೆ ಎತ್ತರವಿತ್ತು, ಅದನ್ನು ವ್ಯಯಿಸಲಿಲ್ಲ. ಎತ್ತರ ಕಳೆದುಕೊಳ್ಳದೆ ಎಂಜಿನ್ ಬಲದಿಂದಲೇ ಸ್ಟಾಲ್‌ನಿಂದ ಪಾರಾಗಬೇಕೆಂಬ ಹಳೆಯ ತರಬೇತಿಯನ್ನು ಆ ಬಳಿಕ ತಿದ್ದಲಾಗಿದ್ದು, ಮೊದಲು ಮೂತಿ ತಗ್ಗಿಸಿ ಕೋನವನ್ನು ಇಳಿಸಬೇಕು, ಎಂಜಿನ್ ಬಲ ಅನಂತರದ ಮಾತು ಎಂದು ಇಂದು ಕಲಿಸಲಾಗುತ್ತದೆ.